ಗುಂಡಿಗೂ ಗ್ರೇಡು ಹಾಕಿದ ನಾದಿನಿ

ನಮ್ಮ ನಾದಿನಿ ಹುಟ್ಟಿದಾಗಿನಿಂದ ಒಂದು ಕೆಲಸವನ್ನೂ ಮಾಡಿದವಳಲ್ಲ. ಹಾಗಂದ ಕೂಡಲೇ ಸೋಮಾರಿ ಅಂದುಕೊಳ್ಳಬೇಡಿ. ಕೋಳಿ ಕೂಗುವ ಮೊದಲೇ ಎದ್ದು ಹೋಗಿ ಕೋಳಿಯನ್ನೇ ಎಬ್ಬಿಸುವ ಹೆಂಗಸು. ಆದರೆ ಅವಳು ಇಷ್ಟು ವರ್ಷ ಮಾಡಿರುವುದೆಲ್ಲ ಬರೀ ತಯಾರಿ. ತಯಾರಿ ಮುಗಿದ ಮೇಲಲ್ಲವೇ ಕೆಲಸ ಶುರುವಾಗುವುದು? ಅವಳ ತಯಾರಿ ಮುಗಿದದ್ದನ್ನು ಕಣ್ಣಾರೆ ಕಂಡವರು ನಮ್ಮ ಹೋಬಳಿಯಲ್ಲೇ ಯಾರೂ ಇಲ್ಲ.

ಅವಳ ಮಗಳಿಗೆ ಹೆರಿಗೆ ಆದದ್ದು ಸರಗೂರಿನಲ್ಲಿ. ಇವಳು ಬಾಣಂತನ ಮಾಡಲು ಹೊರಟಳು. ಖಾರ ಕುಟ್ಟಿದಳು. ಹಳೆ ಸೀರೆ ಹರಿದು, ಒಗೆದು, ಮಡಿಸಿದಳು. ಬಜೆ ತೇಯಲು ಒಂದು ಕಲ್ಲು ಹುಡುಕಿದಳು, ಆ ಕಲ್ಲು ನುಣುಪಿಲ್ಲವೆಂದು ಇನ್ನೊಂದು ಹುಡುಕಿದಳು. ಕೊನೆಗೆ ಗಂಟುಮೂಟೆ ಹೊತ್ತು ಸರಗೂರಿನಲ್ಲಿ ಬಸ್ಸಿಳಿದು ಮನೆ ಮುಂದೆ ನಿಂತರೆ, ಮಗುವೇ ಬಾಗಿಲಿಗೆ ನಡೆದು ಬಂದು "ಯಾರು ಬೇಕಿತ್ತು?" ಅಂತ ಕೇಳಿತಂತೆ. ಇದರಲ್ಲಿ ಸ್ವಲ್ಪ ನಾನು ಸೇರಿಸಿದ್ದೇನೆ. ಜಾಸ್ತಿ ಇಲ್ಲ.

ನಾದಿನಿ ಅಂದರೆ ನನಗೆ ಅವಳು ಎರಡು ಕಡೆಯಿಂದ ನಾದಿನಿ. ನನ್ನನ್ನು ಅವಳ ಅಣ್ಣನಿಗೆ ಕೊಟ್ಟರು, ಅವಳನ್ನು ನನ್ನ ತಮ್ಮನಿಗೆ ತಂದರು. ಎರಡು ಮದುವೆಗೆ ಒಂದೇ ಚಪ್ಪರ, ಒಂದೇ ವಾಲಗ, ಒಂದೇ ಪಾಯಸ. ಹಿರಿಯರಿಗೆ ಖರ್ಚು ಉಳಿಯಿತು, ನನಗೆ ಇವಳು ಉಳಿದಳು. ಹಾಗಾಗಿ ಅವಳನ್ನು ಬೈಯಲು ನನಗೆ ಎರಡು ಪಾಲು ಹಕ್ಕಿದೆ. ಆ ಹಕ್ಕನ್ನು ನಾನು ಎಂದೂ ಬಿಟ್ಟುಕೊಟ್ಟಿಲ್ಲ.

ಇಂಥವಳು ಅರವತ್ತೆರಡನೇ ವಯಸ್ಸಿನಲ್ಲಿ ಬಂದೂಕು ಹೊಡೆಯಲು ಹೋದಳು ಅಂದರೆ ನೀವು ನಂಬುತ್ತೀರಾ? ಜೊತೆಗೆ ಹೋಗಿದ್ದ ನನಗೇ ಇನ್ನೂ ಸರಿಯಾಗಿ ನಂಬಿಕೆ ಬಂದಿಲ್ಲ.

ಬಂದೂಕು ನನ್ನ ತಮ್ಮನದು. ಅವರ ಹೊಲ ಇರುವುದು ಪಿರಿಯಾಪಟ್ಟಣದಿಂದ ಆಚೆ, ಕಾಡಂಚಿನಲ್ಲಿ. ಅವರು ಬೆಳೆಯುವ ಹೊಗೆಸೊಪ್ಪನ್ನು ಯಾವ ಪ್ರಾಣಿಯೂ ಮೂಸುವುದಿಲ್ಲ. ಪಕ್ಕದಲ್ಲಿ ಹಾಕಿದ ಮುಸುಕಿನ ಜೋಳವನ್ನು ಮಾತ್ರ ಹಂದಿಗಳು ಬಿಡುವುದಿಲ್ಲ. ಅದಕ್ಕೇ ಬೆಳೆ ಕಾಯಲು ಅಂತ ಲೈಸೆನ್ಸ್ ಮಾಡಿಸಿ ಒಂಟಿ ನಳಿಗೆಯ ಬಂದೂಕು ಇಟ್ಟುಕೊಂಡಿದ್ದ. ಮೂವತ್ತು ವರ್ಷದಲ್ಲಿ ಅವನು ಹೊಡೆದು ಕೆಡವಿದ್ದು ಒಂದು ಹುಣಸೆ ಕೊಂಬೆ ಮತ್ತು ಒಂದು ನೀರಿನ ಡ್ರಮ್ಮು. ಎರಡೂ ಅವನವೇ. ಹಂದಿಗಳು ಅವನನ್ನು ಕಂಡು ಓಡುತ್ತಿದ್ದುದೇನೋ ನಿಜ. ಅವನು ಯಾರಿಗೆ ಗುರಿಯಿಡುತ್ತಾನೋ ಅವರಿಗೆ ಬೀಳುವುದಿಲ್ಲ, ಪಕ್ಕದಲ್ಲಿದ್ದವರಿಗೆ ಬೀಳುತ್ತದೆ ಅಂತ ಅವಕ್ಕೂ ಗೊತ್ತಾಗಿತ್ತು.

ಅವನು ತೀರಿಕೊಂಡ ಮೇಲೆ ಬಂದೂಕು ಮನೆಯಲ್ಲಿ ಇರಕೂಡದು, ತಂದು ಒಪ್ಪಿಸಿ ಅಂತ ಸ್ಟೇಷನ್ನಿಂದ ಫೋನು ಬಂತು. ನಾನು ಪಕ್ಕದಲ್ಲೇ ಕೂತಿದ್ದೆ. ಫೋನಿನಲ್ಲಿದ್ದವರು ಮರ್ಯಾದೆಯಿಂದಲೇ ಕೇಳಿದರು.

"ಮನೇಲಿ ತೋಟಾ ಎಷ್ಟಿದೆಯಮ್ಮ?"

"ತೋಟ ಎಲ್ಲಿ ಬಂತು ಸಾ, ಎಲ್ಡೂವರೆ ಎಕರೆ ಒಲ ಅದೆ ಅಷ್ಟೇಯ" ಅಂದಳು ಇವಳು.

"ತೋಟ ಅಲ್ಲಮ್ಮ, ತೋಟಾ. ಗುಂಡು, ಗುಂಡು."

"ಅಯ್ಯೋ, ನಮ್ಮನೇರು ಗುಂಡು ಆಕ್ತಿರ್ನಿಲ್ಲ ಸಾ. ಬೀಡಿ ಒಂದೇಯ."

ನಾನು ಫೋನು ಕಿತ್ತುಕೊಂಡು, ಬಂದೂಕಿಗೆ ಹಾಕುವುದು ಒಂಬತ್ತು ಇವೆ, ತಂದುಕೊಡುತ್ತೇವೆ ಅಂದೆ.

ಅಂದದ್ದು ಸುಲಭ. ತಂದುಕೊಡುವುದಕ್ಕೆ ತಯಾರಿ ಬೇಡವೇ? ಮಳೆಗಾಲ, ತೋಟಾ ತಂಡಿ ಹಿಡಿದಿರುತ್ತವೆ, ತಂಡಿ ಹಿಡಿದ ಮಾಲನ್ನು ಸರ್ಕಾರಕ್ಕೆ ಕೊಟ್ಟರೆ ಮನೆತನದ ಮರ್ಯಾದೆ ಏನಾಗಬೇಕು? ಒಂದು ದಿನ ಬಿಸಿಲು ಬಿದ್ದದ್ದೇ ತಡ, ಒಂಬತ್ತನ್ನೂ ಮೊರದಲ್ಲಿ ಹರವಿ ತಾರಸಿಯ ಮೇಲೆ ಒಣಗಲು ಇಟ್ಟಳು. ಪಕ್ಕದ ಮೊರದಲ್ಲಿ ಒಣಮೆಣಸಿನಕಾಯಿ.

"ಲೇ, ಸಿಡುದ್ರೆ ಏನೇ ಗತಿ?" ಅಂದೆ.

"ಮೆಣಸಿನ್ಕಾಯಿ ಸಿಡುದದ್ದು ನೋಡಿದ್ಯಾ? ಸುಮ್ಕಿರತ್ಗೆ."

ಸಿಡಿಯಲಿಲ್ಲ. ಕಾಗೆ ಬಂತು. ಕೆಂಪಗೆ, ಉದ್ದಕ್ಕೆ, ತುದಿಯಲ್ಲಿ ಹಿತ್ತಾಳೆ ಮಿರಮಿರ ಮಿಂಚುವುದನ್ನು ಕಂಡು ಅದಕ್ಕೆ ಏನನ್ನಿಸಿತೋ, ಒಂದನ್ನು ಎತ್ತಿಕೊಂಡು ಹಾರಿಯೇ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಒಂಬತ್ತು, ಇವಳ ಕೈಯಲ್ಲಿ ಎಂಟು. ಸ್ಟೇಷನ್ನಿನಲ್ಲಿ ಇನ್ನೊಂದು ಎಲ್ಲಿ ಅಂದರು. ಇವಳು ತಲೆಯ ಮೇಲೆ ಸೆರಗು ಹೊದ್ದು ಬಹಳ ವಿನಯದಿಂದ "ಕಾಗೆ ಎತ್ಕಂಡೋಯ್ತು ಸಾ" ಅಂದಳು. ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಇಷ್ಟು ವರ್ಷದ ಸರ್ವೀಸಲ್ಲಿ ಕಾಗೆ ಹೆಸರು ಬರೆದಿಲ್ಲಮ್ಮ ನಾನು. ಹುಡುಕಿ ತಗೊಂಡು ಬನ್ನಿ."

ಊರಿನಲ್ಲಿ ಒಬ್ಬಳು, ನಿನ್ನ ಗಂಡನೇ ಕಾಗೆಯಾಗಿ ಬಂದು ತನ್ನದು ತಾನು ಒಯ್ದಿದ್ದಾನೆ ಅಂತ ಇವಳಿಗೆ ಹೇಳಿ ಕಣ್ಣೊರೆಸಿಕೊಂಡಳು. ಅವನೇ ಆಗಿದ್ದರೆ ಬೀಡಿ ಕಟ್ಟು ಒಯ್ಯುತ್ತಿದ್ದ, ತೋಟಾ ಯಾಕೆ ಒಯ್ಯುತ್ತಾನೆ ಅಂದೆ ನಾನು. ಕೊನೆಗೆ ಎದುರುಮನೆಯ ಹೆಂಚಿನ ಮೇಲೆ ಸಿಕ್ಕಿತು. ಕಾಗೆ ನಾಲ್ಕು ಸಲ ಕುಕ್ಕಿ, ಇದಕ್ಕಿಂತ ಹಪ್ಪಳವೇ ವಾಸಿ ಅಂತ ಬಿಟ್ಟುಹೋಗಿತ್ತು.

ಬಂದೂಕು ಸ್ಟೇಷನ್ನಿಗೆ ಹೋಯಿತಲ್ಲ, ಅಲ್ಲಿಗೆ ಮುಗಿಯಬೇಕಿತ್ತು. ಮಕ್ಕಳಿಬ್ಬರೂ ನಮಗೆ ಬೇಡ ಅಂತ ಸಹಿ ಹಾಕಿ ಕೊಟ್ಟರು. ಹಾಗಾದರೆ ಏನಾಗುತ್ತದೆ ಅಂತ ಇವಳು ಕೇಳಿದ್ದಕ್ಕೆ, ಮನೆಯವರು ಯಾರೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಬಂದೂಕು ಸರ್ಕಾರಕ್ಕೆ ಸೇರುತ್ತದೆ, ಆಮೇಲೆ ಅದನ್ನು ತುಂಡು ಮಾಡಿ ಗುಜರಿಗೆ ಹಾಕುತ್ತಾರೆ ಅಂತ ಯಾರೋ ಹೇಳಿದರು.

"ತುಂಡು ಮಾಡ್ತಾರಂತೆ ಕಣತ್ಗೆ" ಅಂದಳು. ಅವತ್ತು ಊಟ ಬಿಟ್ಟಳು. ಅದಕ್ಕೂ ಏನೋ ತಯಾರಿ ನಡೆಸಿರಬೇಕು ಅಂದುಕೊಂಡೆ ನಾನು.

ಮಾರನೆಯ ದಿನ ಬಂದು, ಬಂದೂಕನ್ನು ನನ್ನ ಹೆಸರಿಗೇ ಮಾಡಿಸಿಕೊಳ್ಳುತ್ತೇನೆ ಅಂದಳು. ಅಂದಿ ಕಾಟ ಅಂದಳು. ಜೋಳ ಒಂದು ತೆನೆ ಉಳಿಯುತ್ತಿಲ್ಲ ಅಂದಳು. ಹಂದಿ ಇವತ್ತು ನಿನ್ನೆ ಬಂದದ್ದೇ? ಆದರೂ ಹೂಂ ಅಂದೆ. ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ ಬಂದೂಕು ಹಿಡಿಯುವ ತರಬೇತಿಗೆ ಹೋಗಿ, ಕೊನೆಯ ದಿನ ಗುರಿ ಹೊಡೆದು ತೋರಿಸಿ, ಸರ್ಟಿಫಿಕೇಟು ತರಬೇಕು. ಹತ್ತು ಗುಂಡಿನಲ್ಲಿ ಐದಾದರೂ ಹಲಗೆಗೆ ಬೀಳಬೇಕು. ಬೀಳದಿದ್ದರೆ ಸರ್ಟಿಫಿಕೇಟಿಲ್ಲ. ಸರ್ಟಿಫಿಕೇಟಿಲ್ಲದಿದ್ದರೆ ಬಂದೂಕು ಗುಜರಿಗೆ.

ನಾನೂ ಜೊತೆಗೆ ಹೊರಟೆ. ಪ್ರೀತಿಗೆ ಅಂದುಕೊಳ್ಳಬೇಡಿ. ಒಬ್ಬಳನ್ನೇ ಬಿಟ್ಟರೆ ಇವಳು ಬಸ್ಸು ಹತ್ತಲು ತಯಾರಾಗುವಷ್ಟರಲ್ಲಿ ತರಬೇತಿ ಮುಗಿದು, ಮುಂದಿನ ವರ್ಷದ್ದೂ ಮುಗಿದಿರುತ್ತದೆ.

ತರಬೇತಿ ಹುಣಸೂರಿನಲ್ಲಿ. ಇಪ್ಪತ್ತು ಜನ ಗಂಡಸರು, ಇವಳೊಬ್ಬಳು ಹೆಂಗಸು. ಬಾಗಿಲ ಬಳಿ ಎಲೆಅಡಿಕೆ ಚೀಲ ಹಿಡಿದು ಕೂತ ನನ್ನನ್ನು ಯಾರೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ. ಮೇಷ್ಟ್ರು ರಿಟೈರಾದ ಹವಾಲ್ದಾರರು. ದೊಡ್ಡ ಮೀಸೆ, ಸಣ್ಣ ದನಿ. ಮೊದಲ ದಿನ ಅವರು ತರಬೇತಿಗೆಂದು ಇಟ್ಟಿದ್ದ ರೈಫಲ್ಲಿನ ಹೊಟ್ಟೆಯಿಂದ ಒಂದು ಕಬ್ಬಿಣದ ಡಬ್ಬಿ ಎಳೆದು "ಇದು ಮ್ಯಾಗಜೀನ್. ಇದರಲ್ಲಿ ಗುಂಡು ತುಂಬಬೇಕು" ಅಂದರು.

ಇವಳು ನನ್ನ ಕಡೆ ತಿರುಗಿ ಪಿಸುಗುಟ್ಟಿದಳು. "ಮ್ಯಾಗಜೀನು ಅಂದ್ರೆ ಕತೆ ಬರೋ ಪುಸ್ತಕ ಅಲ್ವಾ?"

"ಇದ್ರಲ್ಲೂ ಒಬ್ಬೊಬ್ರ ಕತೆ ಮುಗೀತದೆ. ಮುಂದ್ಕೆ ನೋಡು" ಅಂದೆ.

ಮೇಷ್ಟ್ರು ಮ್ಯಾಗಜೀನಿನ ತಳದಲ್ಲಿ ಸ್ಪ್ರಿಂಗ್ ಇದೆ, ಗುಂಡನ್ನು ಒಂದರ ಮೇಲೊಂದು ಒತ್ತಿ ಕೂರಿಸಬೇಕು, ಎಲ್ಲದರ ಮೂತಿಯೂ ಒಂದೇ ಕಡೆ ಇರಬೇಕು ಅಂದರು. ಗಂಡಸರೆಲ್ಲ ತಲೆ ತಲೆ ಕೆರೆದುಕೊಳ್ಳುತ್ತಿದ್ದರೆ ಇವಳು "ಅಂಗಂದ್ರೆ ಟಾರ್ಚು ಅನ್ನಿ ಸಾ" ಅಂದಳು. ಮೇಷ್ಟ್ರು ಮ್ಯಾಗಜೀನನ್ನು ತಿರುಗಿಸಿ ನೋಡಿ, ಹೌದು, ಟಾರ್ಚಿನ ಥರವೇ ಅಂದರು. ಆಮೇಲಿನ ಒಂದು ವಾರ ಮನೆಯಲ್ಲಿ ಇವಳದ್ದು ಅದೇ ತಯಾರಿ. ಹೊಲ ಕಾಯುವ ಮೂರು ಸೆಲ್ಲಿನ ಟಾರ್ಚು ಬಿಚ್ಚುವುದು, ಸೆಲ್ಲು ತೆಗೆಯುವುದು, ಸೆಲ್ಲು ತುಂಬುವುದು. ಕಣ್ಣು ಮುಚ್ಚಿ ಒಂದು ಸಲ, ಎಡಗೈಯಲ್ಲಿ ಒಂದು ಸಲ. ನಾನು ಹೋದಾಗಲೆಲ್ಲ ಕಟಕ್ ಕಟಕ್ ಸದ್ದು. ಟಾರ್ಚು ಕೊನೆಗೆ ಬೇಸತ್ತು ಕೆಟ್ಟುಹೋಯಿತು.

ಎರಡನೇ ಪಾಠದಲ್ಲಿ ಮೇಷ್ಟ್ರು ಎರಡು ಥರದ ಗುಂಡು ತೋರಿಸಿ, ಇದು ಅಭ್ಯಾಸಕ್ಕೆ ಇಟ್ಟಿರುವ ಸುಳ್ಳು ಗುಂಡು, ಇದು ಜೀವಂತ ಗುಂಡು ಅಂದರು. ಅಲ್ಲಿಂದ ಶುರುವಾಯಿತು ನೋಡಿ. ಜೀವಂತ ಗುಂಡನ್ನು ಇವಳ ಅಂಗೈಗೆ ಕೊಟ್ಟರೆ ಕೋಳಿಮರಿ ಹಿಡಿದಂತೆ ಹಿಡಿದುಕೊಂಡಳು. ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದವನಿಗೆ "ಜೀವ ಇರೋದ್ನ ಅಂಗಿಡ್ತಾರಾ? ನೆಟ್ಟಗೆ ಮಲಗ್ಸಪ್ಪ" ಅಂದಳು. ಅವನು ಮಲಗಿಸಿದ. ಹೊದಿಸಲು ಏನಾದರೂ ಕೊಟ್ಟುಬಿಟ್ಟಾಳು ಅಂತ ನಾನು ಅವಳ ಚೀಲದ ಮೇಲೆ ಒಂದು ಕಣ್ಣಿಟ್ಟಿದ್ದೆ.

ಗುರಿ ಹೊಡೆಯುವ ದಿನ ಏನೇನು ತರಬೇಕು ಅಂತ ಚೀಟಿ ಕೊಟ್ಟಿದ್ದರು. ಆಧಾರ್ ನಕಲು, ಎರಡು ಫೋಟೊ, ಕಿವಿಗೆ ಇಡಲು ಹತ್ತಿ. ಅದರಲ್ಲಿ ಹತ್ತಿ ಅನ್ನುವ ಮಾತು ಇವಳನ್ನು ಹಿಡಿದುಕೊಂಡಿತು. ಅಂಗಡಿಯ ಹತ್ತಿಯಲ್ಲಿ ಕಸ ಇರುತ್ತದೆ ಅಂತ ಎಚ್.ಡಿ. ಕೋಟೆಯ ನೆಂಟರಿಂದ ಹೊಲದ ಹತ್ತಿಯನ್ನೇ ತರಿಸಿದಳು. ಬೀಜ ಬಿಡಿಸಿದಳು. ಎಳೆ ಎಳೆ ಬಿಡಿಸಿ, ಬರೀ ಕೈಯಲ್ಲಿ ಹೊಸೆದು, ಬುಡ ದಪ್ಪ ತುದಿ ಚೂಪು ಮಾಡಿ, ಐವತ್ತು ಹೂಬತ್ತಿ ಮಾಡಿ ತಂದಳು. ಅಷ್ಟೂ ಜನಕ್ಕೆ ತಾನೇ ಹಂಚಿದಳು. ಮೀಸೆ ಹೊತ್ತ ಗಂಡಸರೆಲ್ಲ ಎರಡೂ ಕಿವಿಗೆ ಹೂಬತ್ತಿ ಸಿಕ್ಕಿಸಿಕೊಂಡು ಸಾಲಾಗಿ ಕೂತರು. ದೇವರ ಮುಂದಿನ ಕಂಬದ ದೀಪಗಳ ಹಾಗೆ! ಎಣ್ಣೆ ಬಿಟ್ಟು ಬೆಂಕಿಕಡ್ಡಿ ಗೀರುವುದೊಂದು ಬಾಕಿ.

ಆ ಜಾಗ ಹುಣಸೂರಿನಾಚೆ ಒಂದು ಗುಡ್ಡದ ಬುಡ. ದೂರದಲ್ಲಿ ಮಣ್ಣಿನ ಏರಿ, ಅದರ ಮುಂದೆ ಹಲಗೆಗಳು. ಈಚೆ ಹಗ್ಗ ಕಟ್ಟಿ ನಮ್ಮಂಥವರನ್ನು ಕೂರಿಸಿದ್ದರು. ಮೇಷ್ಟ್ರು ಒಂದು ತಟ್ಟೆ ತುಂಬ ಗುಂಡು ತಂದಿಟ್ಟು, ಒಬ್ಬೊಬ್ಬರು ಹತ್ತು ತೆಗೆದುಕೊಂಡು ಮ್ಯಾಗಜೀನು ತುಂಬಿ ಅಂತ ಹೇಳಿ ಹಲಗೆ ನೋಡಲು ಹೋದರು. ತಟ್ಟೆ ಮೊದಲು ಬಂದದ್ದು ಇವಳ ಮುಂದೆ. ಹಿರಿಯಳು ಅಂತ.

ಆಮೇಲೆ ನಡೆದದ್ದನ್ನು ನೀವು ತಿಳಿಯಬೇಕಾದರೆ ಹೊಗೆಸೊಪ್ಪಿನ ವಿಚಾರ ಸ್ವಲ್ಪ ಗೊತ್ತಿರಬೇಕು. ಬ್ಯಾರನ್ ಅನ್ನುವ ಬಿಸಿ ಗೂಡಿನಲ್ಲಿ ಬೇಯಿಸಿ ಹದ ಮಾಡಿದ ಸೊಪ್ಪನ್ನು ಹಾಗೇ ಮಾರಲು ಆಗುವುದಿಲ್ಲ. ಹೆಂಗಸರು ಕೂತು ಒಂದೊಂದೇ ಎಲೆಯ ಬಣ್ಣ ನೋಡಿ ಗ್ರೇಡು ಮಾಡಬೇಕು. ಹೊಳೆಯುವ ಹಳದಿ ಒಂದು ಕಡೆ, ಕಂದು ಒಂದು ಕಡೆ, ಕಪ್ಪು ಮತ್ತು ಹರಕು ಇನ್ನೊಂದು ಕಡೆ. ಕಲಸು ಮಾಲು ತಂದರೆ ಕೊಳ್ಳುವವನು ಮೂಗು ಮುರಿಯುತ್ತಾನೆ. ಇವಳು ಮೂವತ್ತೈದು ವರ್ಷ ಅದೇ ಮಾಡಿದವಳು. ಹೊಳೆಯುವಂಥದ್ದು ಏನೇ ಮುಂದೆ ರಾಶಿ ಬಿದ್ದರೂ ಕೈ ತಾನಾಗಿಯೇ ಓಡುತ್ತದೆ.

ಮೇಷ್ಟ್ರು ವಾಪಸು ಬಂದಾಗ ಇವಳು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮಡಿಲಲ್ಲಿ ತಟ್ಟೆ. ಮುಂದೆ ಮೂರು ಗುಡ್ಡೆ. ಇಪ್ಪತ್ತು ಗಂಡಸರು ಕಿವಿಯಲ್ಲಿ ಹೂಬತ್ತಿ ಇಟ್ಟುಕೊಂಡು ಸುತ್ತ ನಿಂತು ನೋಡುತ್ತಿದ್ದರು.

"ಏನಮ್ಮ ಮಾಡ್ತಿದ್ದೀರಿ?"

"ಗ್ರೇಡು ಮಾಡ್ತಾ ಇವ್ನಿ ಸಾ. ನಿಮ್ಗೆ ಕಲಸು ಮಾಲು ಕೊಟ್ಟವ್ರೆ."

"ಎಲ್ಲಾ ಒಂದೇ ಫ್ಯಾಕ್ಟರಿದು ಕಣಮ್ಮ. ಒಂದೇ ಪೆಟ್ಟಿಗೆ."

"ಒಂದೇ ಒಲದ್ದು ಅಂತ ಎಲ್ಲಾ ಎಲೆನೂ ಒಂದೇ ಗ್ರೇಡು ಬಂದದಾ ಸಾ? ಇದು ಫಸ್ಟು, ಇದು ಸೆಕೆಂಡು. ಇವೆರಡು ಮಾತ್ರ ಮುಟ್ಟಂಗಿಲ್ಲ ಬುಡಿ, ಅರಕು."

ಮೂರನೇ ಗುಡ್ಡೆಯಲ್ಲಿ ಇದ್ದದ್ದು ಎರಡೇ ಗುಂಡು. ಮೇಷ್ಟ್ರು ಬೈಯಲು ತೆರೆದ ಬಾಯಿ ತೆರೆದಂತೆಯೇ ಅವೆರಡನ್ನು ಎತ್ತಿ ಬೆಳಕಿಗೆ ಹಿಡಿದರು. ಒಂದರ ಅಂಚು ನೆಗ್ಗಿತ್ತು. ಇನ್ನೊಂದರ ಬುಡದಲ್ಲಿ ಹಸಿರು ಕಿಲುಬು. ಬಾಯಿ ಮುಚ್ಚಿಕೊಂಡು ಎರಡನ್ನೂ ಬೇರೆ ಡಬ್ಬಿಗೆ ಹಾಕಿದರು. ಆಮೇಲೆ ಇವಳನ್ನು "ಅಮ್ಮಾವ್ರೇ" ಅಂತಲೇ ಕರೆದರು.

ಮ್ಯಾಗಜೀನು ತುಂಬುವುದರಲ್ಲಂತೂ ಇವಳನ್ನು ಹಿಡಿಯುವವರೇ ಇರಲಿಲ್ಲ. ಬ್ಯಾರನ್ನಿಗೆ ಏರಿಸುವ ಹಸಿ ಸೊಪ್ಪನ್ನು ಎಡಕ್ಕೊಂದು ಬಲಕ್ಕೊಂದು ಕಡ್ಡಿಗೆ ಕಟ್ಟಿದ ಕೈ ಅದು. ಗಂಡಸರು ಒಂದು ಗುಂಡು ಒತ್ತಿ, ಅದು ಪುಳಕ್ಕನೆ ಹಾರಿ, ಹುಲ್ಲಿನಲ್ಲಿ ತಡಕಾಡುತ್ತಿದ್ದರೆ ಇವಳು ಹತ್ತೂ ತುಂಬಿ ಪಕ್ಕದಲ್ಲಿದ್ದ ಹುಣಸೂರಿನ ಮರದ ವ್ಯಾಪಾರಿ ಸಾಬರ ಮ್ಯಾಗಜೀನಿಗೂ ಕೈ ಹಾಕಿದಳು. ಅವರೂ ತೀರಿಕೊಂಡ ತಂದೆಯ ಬಂದೂಕಿಗಾಗಿ ಬಂದವರು. "ಕೊಡಪ್ಪ ಇಲ್ಲಿ, ಮದ್ವೆ ಉಂಗ್ರ ತೊಡ್ಸೋ ಅಂಗೆ ಮಾಡ್ತಾ ಇದ್ದೀಯ" ಅಂತ ಕಿತ್ತುಕೊಂಡು ತುಂಬಿಕೊಟ್ಟಳು.

ಇನ್ನೇನು, ಗೆದ್ದಳು ಅಂದುಕೊಂಡಿರಾ? ತುಂಬುವುದು ತಯಾರಿ. ತಯಾರಿಯಲ್ಲಿ ಇವಳು ಎಂದು ಸೋತಿದ್ದಾಳೆ? ಹೊಡೆಯುವುದು ಕೆಲಸ.

ಹೊಟ್ಟೆಯಡಿಯಾಗಿ ಮಲಗಿ ಹೊಡೆಯಬೇಕು. ಇವಳು ಮನೆಯಿಂದ ತಂದಿದ್ದ ದಿಂಬು ತೆಗೆದಳು. ಮೇಷ್ಟ್ರು ದಿಂಬು ಬೇಡ ಅಂದರು. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಕಾಲಿನ ಮೇಲೆ ಸೀರೆ ಸರಿಯಾಗಿದೆಯೇ ಅಂತ ಹಿಂದೆ ತಿರುಗಿ ನನ್ನನ್ನು ಕೇಳಿದಳು. ಸೀಟಿ ಊದಿದರು. ಸೀಟಿ ಊದಿದ ಮೇಲೆ ಐದು ನಿಮಿಷ, ಇನ್ನೊಂದು ಸೀಟಿ ಬಿದ್ದರೆ ಮುಗಿಯಿತು. ಎಲ್ಲರೂ ಹೊಡೆಯತೊಡಗಿದರು. ಢಮಾರ್ ಅನ್ನುತ್ತದೆ ಅಂತ ನಾನು ಕಿವಿ ಮುಚ್ಚಿಕೊಂಡಿದ್ದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟ್ ಚಟ್ ಅಂದಿತು, ಅಷ್ಟೆ. ಅದಕ್ಕೆ ಎಚ್.ಡಿ. ಕೋಟೆಯಿಂದ ಹತ್ತಿ!

ಇವಳು ಹೊಡೆಯುತ್ತಿಲ್ಲ. ಕನ್ನಡಕ ತೆಗೆದು ಒರೆಸಿದಳು. ಹಾಕಿಕೊಂಡಳು. ಚಾಪೆಯ ಮೇಲಿದ್ದ ಒಂದು ಇರುವೆಯನ್ನು ಎತ್ತಿ ಆಚೆ ಬಿಟ್ಟಳು. ಮತ್ತೆ ಕನ್ನಡಕ ಒರೆಸಿದಳು. ಮನೆದೇವರನ್ನು ನೆನೆದಳು, ತವರಿನ ದೇವರನ್ನೂ ನೆನೆದಳು. ಗಂಡಸರೆಲ್ಲ ಹತ್ತೂ ಹೊಡೆದು ಸುಮ್ಮನಾದರು. ಮೇಷ್ಟ್ರು ಗಡಿಯಾರ ನೋಡಿಕೊಂಡು ಸೀಟಿಯನ್ನು ಬಾಯಿಗೆ ಇಟ್ಟುಕೊಂಡರು. ಇವಳ ಹತ್ತು ಗುಂಡೂ ಮ್ಯಾಗಜೀನಿನಲ್ಲೇ ಬೆಚ್ಚಗಿವೆ. ನನಗೆ ಗುಜರಿ ಅಂಗಡಿಯೇ ಕಣ್ಣಿಗೆ ಕಂಡಿತು. ತಡೆಯಲಾಗಲಿಲ್ಲ. ಹಗ್ಗದ ಈಚೆಯಿಂದ ಇದ್ದಬದ್ದ ದನಿಯೆಲ್ಲ ಸೇರಿಸಿ ಕೂಗಿದೆ.

"ಲೇ, ಜೋಳಕ್ಕೆ ಅಂದಿ ಬಿತ್ತು ಕಣೇ!"

ಅಷ್ಟೆ. ಕೈ, ಕಣ್ಣು, ಬೆರಳು ಎಲ್ಲ ಒಟ್ಟಿಗೆ ಎಚ್ಚರವಾದವು. ಹತ್ತು ಗುಂಡು ಹೋದದ್ದು ನಾನು ಉಗುಳು ನುಂಗುವಷ್ಟರಲ್ಲಿ. ಕೊನೆಯದು ಹೋಗುವುದಕ್ಕೂ ಸೀಟಿ ಬೀಳುವುದಕ್ಕೂ ಸರಿಹೋಯಿತು. ಮೇಷ್ಟ್ರು ನನ್ನ ಹತ್ತಿರ ಬಂದು ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ. ಬೈಯಬೇಕಾದದ್ದೇ, ಬೈದರು. ಬಂದೂಕಿನ ಜಾಗದಲ್ಲಿ ಹಾಗೆ ಕೂಗಬಾರದಂತೆ. ಇನ್ನು ಮೇಲೆ ಕೂಗುವುದಿಲ್ಲ. 

ಹಲಗೆ ತಂದು ಎಣಿಸಿದರು. ಇವಳದರಲ್ಲಿ ಆರು ತೂತು. ಪಾಸು. ಮೂರು ಮಣ್ಣಿಗೆ ಹೋಗಿದ್ದವು. ಹಾಗಾದರೆ ಇನ್ನೊಂದು? ಸಾಬರ ಹಲಗೆಯಲ್ಲಿ ನಾಲ್ಕು ಇರಬೇಕಾದ ಕಡೆ ಐದು ತೂತು ಇತ್ತು. ನಾಲ್ಕೇ ಬಿದ್ದದ್ದು ಅಂತ ಅವರಿಗೆ ಹೇಗೆ ಗೊತ್ತು ಅಂತೀರಾ? ಹೊಡೆದು ಮುಗಿಸಿ ದುರ್ಬೀನು ಇಸಿದುಕೊಂಡು ಎಣಿಸಿ, ಫೇಲಾದೆ ಅಂತ ಮುಖ ಇಳಿಬಿಟ್ಟು ಕೂತಿದ್ದರು ಪಾಪ. ಇವಳ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಅಮ್ಮ, ಆ ಐದನೇದು ನಿಮ್ದಾ?"

"ಅಲ್ಲಿ ನನ್ನೆಸ್ರು ಬರ್ದದಾ? ನಿನ್ ಅಲಗೇಲಿ ಬಿದ್ದದ್ದು ನಿಂದೇಯ. ತಗಂಡೋಗು."

ಮೇಷ್ಟ್ರಿಗೆ ಕೇಳಿಸಿತೋ ಇಲ್ಲವೋ. ಅವರ ಕಿವಿಯಲ್ಲಿ ಇನ್ನೂ ಹೂಬತ್ತಿ ಇತ್ತು.

ಸರ್ಟಿಫಿಕೇಟು ಕೊಟ್ಟ ಮೇಲೂ ಫೈಲು ಆ ಕಚೇರಿ ಈ ಕಚೇರಿ ಓಡಾಡಿ ತಿಂಗಳುಗಳು ಹಿಡಿದವು. ಕೊನೆಗೆ ಒಂದು ದಿನ ಮಧ್ಯಾಹ್ನ ಬಂದೂಕು ಮನೆಗೆ ಬಂತು. ನಾನು ಹೋದಾಗ ಜಗಲಿಯ ಮೇಲೆ ಹೊಸ ಕಂಬಳಿ ಹಾಸಿ ಅದನ್ನು ಮಲಗಿಸಿದ್ದಳು. ಕುಂಕುಮ ಇಟ್ಟಿದ್ದಳು.

"ತೋಟಾ ಎಷ್ಟು ತಂದೆ?" ಅಂದೆ.

"ತಂದಿಲ್ಲ."

"ಮತ್ತೆ ಅಂದಿಗೆ?"

"ಅವು ತಿನ್ನೋದು ಎಷ್ಟು ಮಹಾ, ಬುಡು."

ನನಗೆ ಸಿಟ್ಟು ಬಂತು. ಬರುವುದಿಲ್ಲವೇ? ಹುಣಸೂರಿಗೆ ಅಷ್ಟು ಸಲ ಬಸ್ಸು ಹತ್ತಿ ಇಳಿದು, ಮೀಸೆ ಮೇಷ್ಟ್ರ ಹತ್ತಿರ ಬೈಸಿಕೊಂಡು, ಈಗ ತೋಟಾನೇ ಬೇಡವಂತೆ. ಬೈಯಲು ಬಾಯಿ ತೆಗೆದೆ. ಅಷ್ಟರಲ್ಲಿ ಇವಳು ಬಂದೂಕನ್ನು ಎತ್ತಿ ಹೆಗಲಿಗೆ ಕೊಟ್ಟು, ಅದರ ಮರದ ಹಿಡಿಗೆ ಕೆನ್ನೆ ಒರಗಿಸಿದಳು. ಗುರಿ ನೋಡುವಾಗ ಒಂದು ಕಣ್ಣು ಮುಚ್ಚಬೇಕು. ಇವಳು ಎರಡನ್ನೂ ಮುಚ್ಚಿದ್ದಳು.

ಕೆನ್ನೆ ಕೂರುವ ಕಡೆ ಮರ ಕಪ್ಪಗೆ, ನುಣ್ಣಗೆ ಆಗಿತ್ತು. ಮೂವತ್ತು ವರ್ಷ ನನ್ನ ತಮ್ಮ ಮುಖ ಒತ್ತಿದ ಜಾಗ. ಅವನ ತಲೆಯ ಕೊಬ್ಬರಿ ಎಣ್ಣೆ, ಅವನ ಬೆವರು.

"ಸ್ಟೇಸನ್ನೋರು ಒರ್ಸಿಲ್ಲ ಕಣತ್ಗೆ" ಅಂದಳು, ಕಣ್ಣು ತೆರೆಯದೆ. "ನಾನು ಅದೊಂದ್ಕೇ ಹೆದ್ರಿದ್ದೆ."

ನಾನು ಅವಳ ಪಕ್ಕ ಕಂಬಳಿಯ ಮೇಲೆ ಕೂತೆ. ಆಮೇಲೆ ಅವಳೇ ಬಂದೂಕನ್ನು ನನ್ನ ಕಡೆ ನೀಡಿದಳು.

"ತಕ, ನೀನೂ ಒಸಿ ಗುರಿ ನೋಡು."

ನನಗೆ ಗುರಿ ನೋಡಲು ಬರುವುದಿಲ್ಲ. ಲೈಸೆನ್ಸೂ ಇಲ್ಲ. ಇಸಿದುಕೊಂಡೆ.